ಮೊದಲು ನೆರಳಿನ ನಕ್ಷೆ, ಆಮೇಲೆ ರಸ್ತೆಯ ನಕ್ಷೆ

(ರಾಯಚೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮ್ಮ ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಬಂಡೆ ಇದೆ. ಕೋಟೆ ಕಟ್ಟಿದ ಕಾಲವನ್ನು ಹೇಳುವ 1294ರ ಶಾಸನ ಅದರ ಮೇಲೇ ಇದೆ. ನಿಮ್ಮಲ್ಲಿ ಬಹಳ ಜನ ಶಾಸನ ನೋಡಿದ್ದೀರಿ. ಅಲ್ಲೇ ಗೆರೆಗಳಲ್ಲಿ ಕೊರೆದ ಚಿತ್ರವನ್ನು ಎಷ್ಟು ಜನ ನಿಂತು ನೋಡಿದ್ದೀರಿ? ಆ ಬಂಡೆಯನ್ನು ಗಾಡಿಯ ಮೇಲೆ ಹೇರಿ, ಜಾನುವಾರುಗಳ ಸಾಲು ಕಟ್ಟಿ ಎಳೆದು ತಂದದ್ದನ್ನು ಅಲ್ಲಿ ಕೊರೆದಿದ್ದಾರೆ. ಇಷ್ಟು ದೊಡ್ಡ ಕೋಟೆ ಕಟ್ಟಿಸಿದವರು ಚಿತ್ರಕ್ಕೆ ಆರಿಸಿಕೊಂಡದ್ದು ಒಂದು ಕೆಲಸವನ್ನು, ಅದು ನಡೆದ ದಾರಿಯನ್ನು. ಊರು ಕಟ್ಟುವುದನ್ನು ಓದಲು ಹೊರಟವರಿಗೆ ನಾನು ಮೊದಲು ತೋರಿಸುವುದು ಈ ಚಿತ್ರವನ್ನೇ.

ಈಗ ಕಾರಹುಣ್ಣಿಮೆ ಹೊತ್ತಿನ ಮುಂಗಾರು ಹಬ್ಬವನ್ನು ನೆನೆಸಿಕೊಳ್ಳಿ. ರಾಜೇಂದ್ರ ಗಂಜಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಸುತ್ತ ಗೋಡೆ, ಕಟ್ಟೆ, ಮಾಳಿಗೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಜನ. ಗಂಜು ಕಟ್ಟಿದ್ದು ಹತ್ತಿ, ಭತ್ತ, ತೊಗರಿ ಮಾರಲಿಕ್ಕೆ. ನಗರದ ನಕ್ಷೆಯಲ್ಲಿ ಅದು ವ್ಯಾಪಾರದ ಜಾಗ, ಅದಕ್ಕೊಂದು ಬಣ್ಣ. ಹಬ್ಬದ ದಿನ ಅದೇ ನೆಲ ಊರಿನ ಮೈದಾನ. ಬೇಸಿಗೆ ಮಧ್ಯಾಹ್ನ ಅದೇ ನೆಲ ಹಮಾಲರು ಮಲಗುವ ಮನೆ. ನಿಂತ ಲಾರಿಯ ನೆರಳಿನಲ್ಲಿ, ಚೀಲದ ಮೇಲೆ ತಲೆಯಿಟ್ಟು ಮಲಗಿರುತ್ತಾರೆ. ನಕ್ಷೆಗೆ ಇದ್ಯಾವುದೂ ಗೊತ್ತಿಲ್ಲ, ಏಕೆಂದರೆ ನಕ್ಷೆಯಲ್ಲಿ ಗಂಟೆ ಇಲ್ಲ, ತಿಂಗಳಿಲ್ಲ. ನಗರ ವಿನ್ಯಾಸ ಓದುವವರು ಆ ಗಂಟೆಯನ್ನೂ ತಿಂಗಳನ್ನೂ ನಕ್ಷೆಗೆ ತರಬೇಕು. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಇದನ್ನೇ. ನಮ್ಮ ರಾಯಚೂರಿನಲ್ಲಿ ಇದರ ಮೊದಲ ಪಾಠ ನೆರಳು.

ನಗರ ವಿನ್ಯಾಸ ಎಂಬ ಈ ಓದು ಹಳೆಯದೇನಲ್ಲ. 1956ರಲ್ಲಿ ಹೋಸೆ ಲೂಯಿ ಸೆರ್ಟ್ ಎಂಬ ವಾಸ್ತುಶಿಲ್ಪಿ ಹಾರ್ವರ್ಡ್‌ನಲ್ಲಿ ಈ ವಿಷಯದ ಮೇಲೆ ಒಂದು ಸಮ್ಮೇಳನ ಕರೆದರು. 1960ರಲ್ಲಿ ಅಲ್ಲೇ ಇದಕ್ಕೊಂದು ಪದವಿ ಓದು ಶುರುವಾಯಿತು. ವಾಸ್ತುಶಿಲ್ಪಿ ತನ್ನ ನಿವೇಶನದ ಗೆರೆಯೊಳಗೆ ನೋಡುತ್ತಾನೆ. ಯೋಜನಾ ಇಲಾಖೆ ಇಡೀ ಊರನ್ನು ಬಣ್ಣಬಣ್ಣದ ತುಂಡುಗಳಾಗಿ ನೋಡುತ್ತದೆ. ಇವೆರಡರ ನಡುವೆ ಬಿಟ್ಟುಹೋಗುವುದು ಬೀದಿ, ಸರ್ಕಲ್ಲು, ಫುಟ್‌ಪಾತು, ಮೆಟ್ಟಿಲು, ಕೆರೆಯ ದಂಡೆ. ನಾವು ದಿನದಲ್ಲಿ ಎದುರಾಬದುರಾಗುವುದೆಲ್ಲ ಅಲ್ಲೇ.

ಅದೇ 1960ರಲ್ಲಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಒಂದು ಸರಳ ಕೆಲಸದ ಫಲವನ್ನು ಪ್ರಕಟಿಸಿದರು. ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳಲ್ಲಿ ಜನರನ್ನು ಕೂರಿಸಿ, ನಿಮ್ಮ ಊರನ್ನು ನೆನಪಿನಿಂದಲೇ ಬಿಡಿಸಿ ಎಂದು ಕೇಳಿದ್ದರು. ಜನರ ಮನಸ್ಸಿನ ಊರಿನಲ್ಲಿ ಐದು ಬಗೆಯ ಸಂಗತಿಗಳು ಇರುತ್ತವೆ ಎಂದು ಅವರಿಗೆ ಕಂಡಿತು: ದಾರಿಗಳು, ಅಂಚುಗಳು, ಪ್ರದೇಶಗಳು, ಕೂಡುವ ಜಾಗಗಳು, ದೂರದಿಂದ ಕಾಣುವ ಗುರುತುಗಳು. ನೀವೂ ಒಂದು ಹಾಳೆಯಲ್ಲಿ ರಾಯಚೂರನ್ನು ಬಿಡಿಸಿ ನೋಡಿ. ಕೋಟೆಯ ಗುಡ್ಡ ಬರುತ್ತದೆ, ಅದು ಗುರುತು. ತೀನ್ ಕಂದೀಲ್ ಬರುತ್ತದೆ, ಅದು ಕೂಡುವ ಜಾಗ. 1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲುದಾರಿಯೂ ಮದ್ರಾಸ್ ಕಡೆಯಿಂದ ಬಂದ ರೈಲುದಾರಿಯೂ ಸೇರಿದ್ದು ನಮ್ಮ ಊರಿನಲ್ಲಿ. ಅಂದಿನಿಂದ ರಾಯಚೂರಿಗೆ ಎರಡು ಬಾಗಿಲು, ಕೋಟೆಯದೊಂದು, ಸ್ಟೇಷನ್ನಿನದೊಂದು. ಹಾಗಾಗಿ ಸ್ಟೇಷನ್ ರೋಡ್ ಬಿಟ್ಟು ಯಾರೂ ಈ ಊರನ್ನು ಬಿಡಿಸಲಾರರು. ಮಾವಿನಕೆರೆ ಬರುತ್ತದೆಯೇ? ಹಿರಿಯರು ಬಿಡಿಸಿದರೆ ಬರುತ್ತದೆ. ಹುಡುಗರ ಹಾಳೆಯಲ್ಲಿ ಬರುವುದು ಕಡಿಮೆ. ಕೆರೆ ಈಗಲೂ ಗುಡ್ಡದ ಕೆಳಗೇ ಇದೆ, ಆದರೆ ಊರು ಅದಕ್ಕೆ ಬೆನ್ನು ಮಾಡಿ ನಿಂತಿದೆ. ದಂಡೆಯ ಮೇಲೆ ಕೂತು ಹೋಗಲು ದಾರಿ ಇಲ್ಲದ ಕೆರೆ ಮನಸ್ಸಿನ ನಕ್ಷೆಯಿಂದಲೂ ಜಾರಿಹೋಗುತ್ತದೆ.

ಇನ್ನು ಬಿಸಿಲಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾವು ಓದುವ ಪುಸ್ತಕಗಳಲ್ಲಿ ಬಹುಪಾಲು ಚಳಿದೇಶದವರು ಬರೆದವು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ 1962ರಲ್ಲಿ ತನ್ನ ಮುಖ್ಯ ಪೇಟೆಯ ಬೀದಿ ಸ್ಟ್ರೋಯೆಟ್‌ನಿಂದ ಕಾರುಗಳನ್ನು ಹೊರಗಿಟ್ಟಿತು. ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ ಅಲ್ಲಿ ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ವರ್ಷಗಟ್ಟಲೆ ಎಣಿಸಿದರು. ಆ ಎಣಿಕೆಗೆ ನಾನು ಕೈಮುಗಿಯುತ್ತೇನೆ. ಆದರೆ ಅಲ್ಲಿ ಬೆಂಚು ಹಾಕುವಾಗ ಬಿಸಿಲು ಬೀಳುವ ಜಾಗ ಹುಡುಕುತ್ತಾರೆ. ತೆರೆದ ಚೌಕ ಅವರಿಗೆ ಸುಖ. ಅದೇ ಚೌಕವನ್ನು, ಅದೇ ಗ್ರಾನೈಟ್ ಹಾಸನ್ನು ತಂದು ಇಲ್ಲಿ ಹಾಸಿದರೆ ಏಪ್ರಿಲಿನಲ್ಲಿ ಅದರ ಮೇಲೆ ಯಾರು ಕಾಲಿಡುತ್ತಾರೆ? 40 ಡಿಗ್ರಿ ದಾಟುವ ಊರು ನಮ್ಮದು. ಕಲ್ಲು ಕಾದರೆ ರಾತ್ರಿ ಎಂಟಾದರೂ ಆರುವುದಿಲ್ಲ.

ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದ ಆಸುಪಾಸು ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುತ್ತಾನೆ. ಬೀದಿಗೆ ಇದರಿಂದ ಏನಾಗುತ್ತದೆ ನೋಡಿ. ಉತ್ತರ ದಕ್ಷಿಣವಾಗಿ ಹೋಗುವ ಬೀದಿಯಲ್ಲಿ ಬೆಳಿಗ್ಗೆ ಪೂರ್ವದ ಸಾಲಿನ ಅಂಗಡಿಗಳು ನೆರಳು ಕೊಡುತ್ತವೆ, ಮಧ್ಯಾಹ್ನ ಇಳಿದ ಮೇಲೆ ಪಶ್ಚಿಮದ ಸಾಲು ಕೊಡುತ್ತದೆ. ತಳ್ಳುಬಂಡಿಯವರು ಇದನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಬೆಳಿಗ್ಗೆ ಒಂದು ಬದಿ ನಿಂತ ಬಂಡಿ ಮೂರು ಗಂಟೆಗೆ ಎದುರು ಬದಿಗೆ ಹೋಗಿರುತ್ತದೆ. ಪೂರ್ವ ಪಶ್ಚಿಮವಾಗಿ ಹೋಗುವ ಬೀದಿಯ ಪಾಡು ಬೇರೆ. ಚಳಿಗಾಲದಲ್ಲಿ ದಕ್ಷಿಣದ ಸಾಲು ನೆರಳು ಚಾಚುತ್ತದೆ, ಬೇಡವಾದ ಕಾಲದಲ್ಲಿ. ಬೇಸಿಗೆಯಲ್ಲಿ ನಡುಹೊತ್ತಿಗೆ ಗೋಡೆಯ ನೆರಳು ಗೋಡೆಯ ಬುಡದಲ್ಲೇ ಮುಗಿಯುತ್ತದೆ. ಬೆಳಿಗ್ಗೆ, ಸಂಜೆ ಬಿಸಿಲು ಬೀದಿಯ ಉದ್ದಕ್ಕೂ ನೇರ ಮುಖಕ್ಕೆ ಬಡಿಯುತ್ತದೆ. ಅಂಥ ಬೀದಿಯನ್ನು ಕಟ್ಟಡದಿಂದ ತಂಪು ಮಾಡಲು ಆಗುವುದಿಲ್ಲ. ಗಿಡ ಬೇಕು, ಇಲ್ಲವೇ ಅಂಗಡಿ ಮುಂದೆ ಚಾಚಿದ ಚಾವಣಿ ಬೇಕು. ಆದ್ದರಿಂದ ದುಡ್ಡು ಕಡಿಮೆ ಇದ್ದರೆ ಮೊದಲು ಗಿಡ ಹಚ್ಚಬೇಕಾದದ್ದು ಪೂರ್ವ ಪಶ್ಚಿಮದ ಬೀದಿಗಳಿಗೆ. ಇಷ್ಟು ಸಣ್ಣ ಲೆಕ್ಕವನ್ನು ಊರಿನ ಅಭಿವೃದ್ಧಿ ಕಾಗದಗಳಲ್ಲಿ ಎಲ್ಲಾದರೂ ಓದಿದ್ದೀರಾ?

ಬಸ್ಸಿಗೆ ಕಾಯುವವರನ್ನು ಗಮನಿಸಿ. ತಂಗುದಾಣದ ಒಳಗೆ ಸ್ಟೀಲಿನ ಕುರ್ಚಿ ಖಾಲಿ ಇರುತ್ತದೆ, ಏಕೆಂದರೆ ತಗಡು ಮೇಲಿಂದ ಕಾಯುತ್ತದೆ, ಸ್ಟೀಲು ಕೆಳಗಿಂದ ಕಾಯುತ್ತದೆ. ಜನ ಹೊರಗೆ ಒಂದು ವಿದ್ಯುತ್ ಕಂಬದ ನೆರಳಿನಲ್ಲಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿರುತ್ತಾರೆ. ನೆರಳು ಸರಿದಂತೆ ಸಾಲೂ ಸರಿಯುತ್ತದೆ. ಆ ಸಾಲನ್ನು ನೋಡಿದ ಮೇಲೂ ತಂಗುದಾಣದ ವಿನ್ಯಾಸ ಬದಲಾಗುವುದಿಲ್ಲವೆಂದರೆ ನನಗೆ ಸಂಕಟವಾಗುತ್ತದೆ.

ಗಿಡದಲ್ಲೂ ಆಯ್ಕೆ ಇದೆ. ಬೇವು, ಹೊಂಗೆ ಎರಡೂ ಬೇಸಿಗೆ ಬಾಗಿಲಿಗೆ ಬರುವ ಹೊತ್ತಿಗೆ ಹಳೆ ಎಲೆ ಉದುರಿಸಿ, ಬಿಸಿಲು ಏರುವಷ್ಟರಲ್ಲಿ ಹೊಸ ಎಲೆ ತುಂಬಿಕೊಳ್ಳುತ್ತವೆ. ನಮಗೆ ಬೇಕಾದ ತಿಂಗಳಲ್ಲೇ ನೆರಳು. ಡಿವೈಡರಿನಲ್ಲಿ ನೆಡುವ ಅಲಂಕಾರದ ತಾಳೆಗಿಡಗಳು ಫೋಟೋಕ್ಕೆ ಚೆಂದ. ನಡೆಯುವವರಿಗೆ ಅವುಗಳಿಂದ ಏನೂ ಸಿಗುವುದಿಲ್ಲ, ಅವು ಇರುವುದು ವಾಹನಗಳ ನಡುವೆ. ಇದ್ದ ಹಳೆಯ ಬೇವಿಗೂ ಬುಡದವರೆಗೆ ಕಾಂಕ್ರೀಟ್ ಬಿಗಿದರೆ ನೀರೂ ಗಾಳಿಯೂ ಬೇರಿಗೆ ಇಳಿಯುವುದಿಲ್ಲ. ಮರದ ಸುತ್ತ ಒಂದು ಮೀಟರಿನಷ್ಟು ಜಾಗದಲ್ಲಿ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದಿಲ್ಲಿಯ ಆಡಳಿತಕ್ಕೆ ಆದೇಶ ಕೊಟ್ಟಿತ್ತು. ನಮ್ಮ ಬೇವಿಗೆ ಅಷ್ಟು ಜಾಗ ಬಿಡಲು ಆದೇಶಕ್ಕೆ ಕಾಯಬೇಕಾಗಿಲ್ಲ.

ಹೀಗೆ ಹೇಳುತ್ತಿರುವಾಗ ಬಟ್ಟೆ ಅಂಗಡಿಯ ಹಿರಿಯರೊಬ್ಬರು ಎದ್ದು ಕೇಳಿದರು: “ಗಿಡ ಹಚ್ಚಿದ್ರ ನಮ್ಮ ಅಂಗಡಿ ಬೋರ್ಡು ಕಾಣಂಗಿಲ್ರಿ. ಗಿರಾಕಿ ಹ್ಯಾಂಗ ಬರಬೇಕ್ರಿ?” ಯಜಮಾನ್ರ ಪ್ರಶ್ನೆ ಸರಿಯಾದದ್ದು. ವ್ಯಾಪಾರಿಗಳ ಈ ಭಯಕ್ಕೆ ಉತ್ತರ ಕೊಡದೆ ಯಾರೂ ಪೇಟೆಯಲ್ಲಿ ಗಿಡ ಉಳಿಸಲಾರರು. ರಾತ್ರೋರಾತ್ರಿ ಕೊಂಬೆ ಬೀಳುತ್ತವೆ. ಗಿಡ ಎರಡು ಅಂಗಡಿಗಳ ನಡುವಿನ ಗೋಡೆಯ ನೇರಕ್ಕೆ ಬರಬೇಕು, ಬಾಗಿಲ ಎದುರಿಗೆ ಬರಬಾರದು. ಎಳೆಯದಿದ್ದಾಗಲೇ ಕೆಳಗಿನ ಕೊಂಬೆ ಸವರುತ್ತ ಹೋದರೆ ಬೇವು ಹತ್ತು ಹನ್ನೆರಡು ಅಡಿ ಮೇಲೆ ಕೊಡೆ ಬಿಚ್ಚುತ್ತದೆ. ಬೋರ್ಡು ಆ ಕೊಡೆಯ ಕೆಳಗೆ ಇರಲಿ, ನಡೆಯುವವರ ಕಣ್ಣಿಗೆ ಅದೇ ಹತ್ತಿರ. ಇನ್ನೊಂದು ಮಾತು ಯಜಮಾನ್ರೇ, ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ನಿಮ್ಮ ಅಂಗಡಿಗೆ ಎಷ್ಟು ಗಿರಾಕಿ ಬರುತ್ತಾರೆ? (ಅವರು ತಲೆ ಅಲ್ಲಾಡಿಸಿ ನಕ್ಕರು.) ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ವಾಹನದ ಜಾಗ ಕಡಿಮೆ ಮಾಡಿ ಅಗಲವಾದ ನಡೆದಾರಿ ಮಾಡಿದರು. ನಮ್ಮ ಹಾಗೇ ಸೆಕೆಯ ಊರು ಅದು, ಸೀರೆ ಅಂಗಡಿಗಳ ಬೀದಿ ಅದು. ಒಮ್ಮೆ ಹೋದಾಗ ಅಲ್ಲಿ ಜನ ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ ಬನ್ನಿ.

ನೆರಳಿನ ನಂತರದ ಮಾತು ಕೂರುವ ಜಾಗ. ನ್ಯೂಯಾರ್ಕ್ ನಗರ 1961ರಲ್ಲಿ ಒಂದು ನಿಯಮ ತಂದಿತ್ತು: ದೊಡ್ಡ ಕಟ್ಟಡದವರು ನೆಲಮಟ್ಟದಲ್ಲಿ ಜನರಿಗಾಗಿ ತೆರೆದ ಜಾಗ ಬಿಟ್ಟರೆ, ಅದಕ್ಕೆ ಬದಲಾಗಿ ಹೆಚ್ಚು ಮಹಡಿ ಕಟ್ಟಿಕೊಳ್ಳಬಹುದು. ಜಾಗ ಬಿಟ್ಟರು, ಮಹಡಿ ಕಟ್ಟಿದರು, ಬಿಟ್ಟ ಜಾಗಗಳಲ್ಲಿ ಅನೇಕವು ಖಾಲಿ ಬಿದ್ದವು. ಆದರೆ ಆ ನಿಯಮಕ್ಕಿಂತ ಮೊದಲೇ ಕಟ್ಟಿದ ಸೀಗ್ರಮ್ ಕಟ್ಟಡದ ಮುಂದಿನಂಥ ಕೆಲವು ಜಾಗಗಳಲ್ಲಿ ದಿನಾ ಜನ. ವಿಲಿಯಂ ವೈಟ್ ಎಂಬವರು ಒಂದಷ್ಟು ಯುವಕರನ್ನು ಕಟ್ಟಿಕೊಂಡು, ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದರು. ಬಿಸಿಲೇ, ಜಾಗದ ಆಕಾರವೇ, ವಿಸ್ತೀರ್ಣವೇ ಎಂದು ಒಂದೊಂದೇ ಪರೀಕ್ಷಿಸಿದರು. ಕಡೆಗೆ ಸಿಕ್ಕ ಉತ್ತರ: ಕೂರಲು ಕಟ್ಟೆ, ಮೆಟ್ಟಿಲು ಇದ್ದಲ್ಲಿ ಜನ ಕೂರುತ್ತಾರೆ. ಇಷ್ಟೇ. ಕೇಳಿದರೆ ಇದಕ್ಕೆ ಸಂಶೋಧನೆ ಬೇಕೇ ಅನ್ನಿಸುತ್ತದೆ. ಆದರೆ ಆ ಎಣಿಕೆ ಕೈಯಲ್ಲಿ ಇದ್ದದ್ದರಿಂದಲೇ 1975ರಲ್ಲಿ ನಗರದ ನಿಯಮ ಬದಲಾಯಿತು. ಪ್ರತಿ 30 ಚದರ ಅಡಿ ತೆರೆದ ಜಾಗಕ್ಕೆ ಒಂದು ಅಡಿ ಉದ್ದದ ಕೂರುವ ಕಟ್ಟೆ ಇರಲೇಬೇಕು ಎಂದಾಯಿತು. ಅಭಿಪ್ರಾಯವನ್ನು ಕಚೇರಿಯವರು ಕೇಳಿ ಕಳಿಸುತ್ತಾರೆ. ಲೆಕ್ಕ ಇಟ್ಟರೆ ಅದಕ್ಕೆ ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ.

ಕೂರುವ ಮಾತು ಬಂದಿರುವುದರಿಂದ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ, ಮನಸ್ಸಿನಲ್ಲೇ ಉತ್ತರಿಸಿಕೊಳ್ಳಿ. ನಿಮ್ಮ ಅವ್ವ ಈ ಊರಿನಲ್ಲಿ, ಏನನ್ನೂ ಕೊಳ್ಳದೆ, ಯಾರ ಮನೆಗೂ ಹೋಗದೆ, ಅರ್ಧ ಗಂಟೆ ಎಲ್ಲಿ ಕೂರಬಲ್ಲರು?

ಗುಡಿ ಅಂದಿರಿ. ಸರಿ. ದರ್ಗಾದ ಅಂಗಳ ಅಂದಿರಿ. ಆಸ್ಪತ್ರೆ ವರಾಂಡ ಎಂದು ಹಿಂದಿನ ಸಾಲಿನಿಂದ ಒಬ್ಬಾಕೆ ಹೇಳಿದಳು, ಅದು ಬಹಳ ನಿಜವಾದ ಉತ್ತರ. ಅದರ ಮುಂದೆ? ಅರಳಿಕಟ್ಟೆ ಇದೆ, ಅಲ್ಲಿ ಗಂಡಸರು ಕೂತಿರುತ್ತಾರೆ. ಚಹಾದ ಅಂಗಡಿ ಬೆಂಚು ಇದೆ, ಅಲ್ಲೂ ಗಂಡಸರು. ಪಾರ್ಕಿದೆ, ಮಧ್ಯಾಹ್ನ ಬೀಗ. ಸುತ್ತ ಚೂಪು ಗ್ರಿಲ್ಲು ಹಾಕಿ ಬೀಗ ಜಡಿದ ಪಾರ್ಕನ್ನು ಯಾರಿಗಾಗಿ ಕಾಯುತ್ತಿದ್ದೇವೆ? ತರಕಾರಿ ಚೀಲ ಹಿಡಿದು ಉಸ್ಮಾನಿಯಾ ಮಾರ್ಕೆಟ್ಟಿನಿಂದ ಹೊರಬಂದ ಹೆಂಗಸು ಆಟೊಗೆ ಕಾಯುವಾಗ ಚೀಲ ಇಳಿಸಲು ಒಂದು ಮೊಣಕಾಲೆತ್ತರದ ಕಟ್ಟೆ ಬೇಕು. ನೆರಳು ಬೇಕು. ಕುಡಿಯುವ ನೀರು ಬೇಕು. ಹತ್ತಿರದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ ಬೇಕು. ಈ ನಾಲ್ಕೂ ಒಂದೇ ಕಡೆ ಸಿಗುವ ಜಾಗ ಈ ಊರಲ್ಲಿ ಎಲ್ಲೆಲ್ಲಿದೆ ಎಂದು ಗುರುತು ಹಾಕಿದರೆ, ಅದೇ ರಾಯಚೂರಿನ ನಿಜವಾದ ಸಾರ್ವಜನಿಕ ಜಾಗಗಳ ನಕ್ಷೆ. ನನ್ನ ಮಟ್ಟಿಗೆ ಒಂದು ಊರಿನ ವಿನ್ಯಾಸ ಚೆನ್ನಾಗಿದೆಯೋ ಇಲ್ಲವೋ ಎನ್ನಲು ಬೇರೆ ಅಳತೆ ಬೇಡ.

ಫುಟ್‌ಪಾತಿನ ಅಳತೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರಸ್ತೆಗಳ ಅಳತೆ, ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೀಗೆ ಹೇಳಿತ್ತು. ಅಡೆತಡೆ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ, ಅಂಚಿನ ಎತ್ತರ 150 ಮಿಲಿಮೀಟರಿಗಿಂತ ಹೆಚ್ಚಬಾರದು. ಮೊಣಕಾಲು ನೋವಿರುವವರು ಎತ್ತರದ ಫುಟ್‌ಪಾತ್ ಹತ್ತದೆ ರಸ್ತೆಯಲ್ಲೇ ನಡೆಯುತ್ತಾರೆ, ಬೈಕಿನವರು ಬೈಯುತ್ತಾರೆ. ತಪ್ಪು ನಡೆಯುವವರದಲ್ಲ. ಒಂದು ಟೇಪು ಹಿಡಿದು ನೀವೇ ಅಳೆಯಿರಿ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ರಸ್ತೆ ಚೆಂದವಾಗುತ್ತದೆ ಎಂಬ ನಂಬಿಕೆ ಎಲ್ಲ ಊರುಗಳಲ್ಲೂ ಇದೆ. ಮಿರ್ಚಿ ಬಂಡಿ, ಹಣ್ಣಿನ ಬಂಡಿ ಇರುವಲ್ಲಿ ಸಂಜೆ ದೀಪ ಇರುತ್ತದೆ, ಕಣ್ಣು ಇರುತ್ತದೆ. ಕಾಲೇಜು ಮುಗಿಸಿ ತಡವಾಗಿ ಬರುವ ಹುಡುಗಿ ಆ ದೀಪದ ಬದಿಯಿಂದಲೇ ನಡೆದು ಬರುತ್ತಾಳೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಊರಿನ ಜನಸಂಖ್ಯೆಯ ನೂರಕ್ಕೆ ಎರಡೂವರೆಯಷ್ಟು ವ್ಯಾಪಾರಿಗಳವರೆಗೆ ಜಾಗ ಮಾಡಿಕೊಡಬೇಕು ಎನ್ನುತ್ತದೆ. ಆ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಕಾಯ್ದೆ ಇಷ್ಟು ಸ್ಪಷ್ಟವಾಗಿರುವಾಗ ಬಂಡಿ ನಿಲ್ಲುವ ಜಾಗವನ್ನು ಗೆರೆ ಎಳೆದು ತೋರಿಸುವುದು ನಮ್ಮಂಥವರ ಕೆಲಸ. ಎಲ್ಲಿ ಎಳೆಯಬೇಕು ಎಂದರೆ, ಮತ್ತೆ ನೆರಳಿನ ಲೆಕ್ಕಕ್ಕೇ ಬರಬೇಕು.

ಇಲ್ಲಿ ಒಬ್ಬರ ಕಥೆ ಹೇಳಬೇಕೆನಿಸುತ್ತದೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್, ಮೂಲತಃ ಜೀವವಿಜ್ಞಾನಿ. 1914ರಲ್ಲಿ ಭಾರತಕ್ಕೆ ಬಂದು ಮದ್ರಾಸ್ ಪ್ರಾಂತ್ಯದ ತಂಜಾವೂರು, ಮಧುರೈಗಳಿಂದ ಹಿಡಿದು ಹಲವು ಊರುಗಳ ಬೀದಿ ಬೀದಿ ನಡೆದರು. ಆ ಕಾಲದ ಎಂಜಿನಿಯರುಗಳು ಹಳೇ ಓಣಿಗಳ ಮಧ್ಯೆ ಸ್ಕೇಲು ಇಟ್ಟು ನೇರ ರಸ್ತೆ ಎಳೆಯುತ್ತಿದ್ದರು. ಗೆಡ್ಡೆಸ್ ಬೇಡ ಅಂದರು: ಬಿದ್ದುಹೋದ ಮನೆಗಳ ಜಾಗವನ್ನಷ್ಟೇ ತೆರವು ಮಾಡಿ, ಗಿಡ ಹಚ್ಚಿ, ಬಾವಿ ರಿಪೇರಿ ಮಾಡಿ, ಇದ್ದ ಜನ ಇದ್ದಲ್ಲೇ ಇರಲಿ. ಇಂದೋರಿನಲ್ಲಿ ಪ್ಲೇಗು ಹರಡಿದ್ದಾಗ ಅವರು ಮಹಾರಾಜರ ಒಪ್ಪಿಗೆ ಪಡೆದು ದೀಪಾವಳಿಗೆ ಒಂದು ದೊಡ್ಡ ಮೆರವಣಿಗೆ ಏರ್ಪಡಿಸಿದರು. ಮೆರವಣಿಗೆ ಎಂದಿನ ದಾರಿಯಲ್ಲಿ ಹೋಗುವುದಿಲ್ಲ, ಯಾವ ಓಣಿಗಳು ಹೆಚ್ಚು ಶುಚಿಯಾಗಿರುತ್ತವೋ ಆ ಓಣಿಗಳಲ್ಲಿ ಹೋಗುತ್ತದೆ ಎಂದು ಸಾರಿದರು. ಜನ ತಮ್ಮ ಓಣಿಗೆ ಮೆರವಣಿಗೆ ಬರಲಿ ಎಂದು ಕಸ ಎತ್ತಿದರು, ಸುಣ್ಣ ಹಚ್ಚಿದರು. ಮೆರವಣಿಗೆಯಲ್ಲಿ ಪೌರಕಾರ್ಮಿಕರು ಬಿಳಿ ಬಟ್ಟೆ ತೊಟ್ಟು, ಹಾರ ಹಾಕಿಸಿಕೊಂಡು ನಡೆದರು. ಹಬ್ಬ ನಮ್ಮ ಊರಿಗೂ ಇದೆ. ಮುಂಗಾರು ಹಬ್ಬದ ಮೆರವಣಿಗೆಯ ದಾರಿಯಲ್ಲಿ ಒಂದು ವರ್ಷ ಗಿಡ, ಇನ್ನೊಂದು ವರ್ಷ ಕಟ್ಟೆ ಎಂದು ಸೇರಿಸುತ್ತ ಹೋದರೆ ಹತ್ತು ವರ್ಷದಲ್ಲಿ ಒಂದು ಇಡೀ ದಾರಿ ಸಿದ್ಧವಾಗುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಎಲ್ಲರೂ ಒಪ್ಪುವ ಒಂದು ದಾರಿ ಬೇಕು.

ಕಡೆಗೆ ಒಬ್ಬ ವಿದ್ಯಾರ್ಥಿನಿ, ಇದನ್ನು ಓದಬೇಕೆಂದರೆ ಏನು ಮಾಡಬೇಕು ಮೇಡಂ ಎಂದು ಕೇಳಿದಳು. ಹೆಚ್ಚಿನವರು ಹಿಡಿಯುವ ದಾರಿ ಐದು ವರ್ಷದ ಬಿ.ಆರ್ಕ್, ಅಂದರೆ ವಾಸ್ತುಶಿಲ್ಪದ ಪದವಿ. ಅದಕ್ಕೆ ನಾಟಾ ಎಂಬ ಪ್ರವೇಶ ಪರೀಕ್ಷೆ. ಎನ್‌ಐಟಿಗಳಿಗೆ, ಎಸ್‌ಪಿಎ ಎಂಬ ಯೋಜನೆ ಮತ್ತು ವಾಸ್ತುಶಿಲ್ಪದ ಶಾಲೆಗಳಿಗೆ ಜೆಇಇ ಮುಖ್ಯ ಪರೀಕ್ಷೆಯ ಎರಡನೆಯ ಪತ್ರಿಕೆ. ಆಮೇಲೆ ಎರಡು ವರ್ಷ ನಗರ ವಿನ್ಯಾಸದಲ್ಲಿ ಸ್ನಾತಕೋತ್ತರ. ದಿಲ್ಲಿಯ ಎಸ್‌ಪಿಎ, ಅಹಮದಾಬಾದಿನ ಸೆಪ್ಟ್ ಇದಕ್ಕೆ ಹೆಸರಾದ ಕಡೆಗಳು. ಆದರೆ ನೀನು ಈಗ ಸಿವಿಲ್ ಓದುತ್ತಿದ್ದೀಯಮ್ಮಾ, ಅದಕ್ಕಾಗಿ ಕಾಯಬೇಡ. ನಾಲ್ಕು ಜನ ಸೇರಿಕೊಳ್ಳಿ. ಸ್ಟೇಷನ್ ರೋಡಿನ ಒಂದು ನೂರು ಮೀಟರ್ ಆರಿಸಿಕೊಳ್ಳಿ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕಕ್ಕೆ ನೆರಳಿನ ಅಂಚಿಗೆ ನೆಲದ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ, ಗಂಟೆ ಬರೆಯಿರಿ. ಪ್ರತಿ ಗಂಟೆಗೆ ಹತ್ತು ನಿಮಿಷ ಎಣಿಸಿ: ಗಂಡಸರು, ಹೆಂಗಸರು, ಮಕ್ಕಳು, ಮುದುಕರು, ನಡೆಯುವವರು, ನಿಂತವರು, ಕೂತವರು. ಕೂತವರು ಯಾವುದರ ಮೇಲೆ ಕೂತಿದ್ದಾರೆ ಎಂದೂ ಬರೆಯಿರಿ, ಮೆಟ್ಟಿಲೋ, ಬೈಕಿನ ಸೀಟೋ, ಗಟಾರದ ಕಲ್ಲೋ. ಮೇ ತಿಂಗಳಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಮಾಡಿದರೆ ಸಾಕು. ಶುರು ಮಾಡುವ ಮುಂಚೆ ಅಂಗಡಿಯವರಿಗೂ ಬಂಡಿಯವರಿಗೂ ಹೇಳಿ, ಎತ್ತಂಗಡಿಗೆ ಬಂದ ಅಳತೆಯವರೆಂದು ಅವರು ಹೆದರಬಾರದು. ಮುಗಿದ ಮೇಲೆ ಆ ಹಾಳೆಯ ಒಂದು ಪ್ರತಿಯನ್ನು ವಾರ್ಡಿನ ಸದಸ್ಯರಿಗೆ, ಒಂದನ್ನು ಪಟ್ಟಣ ವ್ಯಾಪಾರ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಸಲ ಆ ರಸ್ತೆಗೆ ಟೆಂಡರು ಕರೆಯುವ ಮೊದಲೇ ಅದು ಕಡತದಲ್ಲಿ ಇರಬೇಕು.